ನೇಪಾಳದ ಅನಾಥಾಶ್ರಮದಲ್ಲಿ 14 ದಿನ: ಈ ಸೇವಾ ಪ್ರವಾಸಕ್ಕೆ ನನ್ನ ಎರಡು ಸ್ಟಾರ್

ನಾವು ಐದು ಜನ ಹೋಗಿದ್ದೆವು, ಎಲ್ಲರೂ ಡಿಗ್ರಿ ಓದುವವರು. 2023ರ ಮೇ ತಿಂಗಳ ಕೊನೆಯ ಎರಡು ವಾರ ನೇಪಾಳದ ಲಲಿತಪುರದ ಅಂಚಿನಲ್ಲಿರುವ ಒಂದು ಅನಾಥಾಶ್ರಮದಲ್ಲಿ ಸ್ವಯಂಸೇವೆ. ಕರೆದುಕೊಂಡು ಹೋದದ್ದು ವಿದ್ಯಾರ್ಥಿಗಳಿಗೆ ಇಂಥ ಪ್ರವಾಸ ಮಾಡಿಸುವ ಒಂದು ಸಂಸ್ಥೆ. ಸಂಸ್ಥೆಯ ಹೆಸರಾಗಲಿ, ಆಶ್ರಮದ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಅಲ್ಲಿ 22 ಮಕ್ಕಳು ಇದ್ದಾರೆ, ನನ್ನ ಬರಹದಿಂದ ಅವರಿಗೆ ತೊಂದರೆ ಆಗಬಾರದು. ಆದರೆ ಇಂಥದ್ದೇ ಪ್ಯಾಕೇಜ್ ನೋಡುತ್ತಾ ಕೂತಿರುವ ವಿದ್ಯಾರ್ಥಿಗಳು ಬಹಳ ಜನ ಇದ್ದಾರೆ ಅಂತ ಗೊತ್ತು. ನಾನೂ ಹಾಗೇ ಕೂತಿದ್ದೆ. ಅವರಿಗಾಗಿ ಬರೆಯುತ್ತಿದ್ದೇನೆ.

ವ್ಯವಸ್ಥೆ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ತಪ್ಪು ಹುಡುಕುವುದಕ್ಕೆ ಏನೂ ಇಲ್ಲ. ತ್ರಿಭುವನ್ ವಿಮಾನ ನಿಲ್ದಾಣದ ಹೊರಗೆ ಹೇಳಿದ ಹೊತ್ತಿಗೆ ಗಾಡಿ ಬಂದಿತ್ತು. ಗೆಸ್ಟ್ ಹೌಸ್ ಚೊಕ್ಕಟವಾಗಿತ್ತು, ಬಿಸಿನೀರು ಬರುತ್ತಿತ್ತು. ಎರಡು ಹೊತ್ತು ದಾಲ್ ಭಾತ್, ಎಷ್ಟು ಕೇಳಿದರೂ ಬಡಿಸುತ್ತಿದ್ದರು. ನಮ್ಮಲ್ಲೊಬ್ಬಳಿಗೆ ರಾತ್ರಿ ಜ್ವರ ಬಂದಾಗ ಅಲ್ಲಿನ ಕೋಆರ್ಡಿನೇಟರ್ ಸ್ಕೂಟರ್‌ನಲ್ಲಿ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬೆಳಗಿನ ಜಾವದವರೆಗೆ ಜೊತೆಗಿದ್ದರು. ಅವರ ಋಣ ನನ್ನ ಮೇಲಿದೆ. ನಾನು ಕೊಡುತ್ತಿರುವ ಎರಡು ಸ್ಟಾರ್ ಅವರಿಗೇ ಸಲ್ಲಬೇಕು.

ಫೀಸು ತಲೆಗೆ 60,000 ನೇಪಾಳಿ ರೂಪಾಯಿ, ವಿಮಾನದ ಟಿಕೆಟ್ ಬೇರೆ. ಈ ದುಡ್ಡಿನ ಮಾತಿಗೆ ಆಮೇಲೆ ಬರುತ್ತೇನೆ.

ತರಬೇತಿ ಅಂತ ಮೊದಲ ದಿನ ಎರಡು ಗಂಟೆ ಕೂರಿಸಿದರು. ಒಂದಷ್ಟು ನೇಪಾಳಿ ಮಾತು ಕಲಿಸಿದರು. ಪಾಟನ್ ದರ್ಬಾರ್ ಚೌಕ, ಬೌದ್ಧ ಸ್ತೂಪ ಯಾವಾಗ ನೋಡುವುದು ಅಂತ ವೇಳಾಪಟ್ಟಿ ಕೊಟ್ಟರು. ಮಕ್ಕಳ ಬಗ್ಗೆ ಮಾತಾಡಿದ್ದು ಹತ್ತು ನಿಮಿಷ. "ಅವರಿಗೆ ಬೇಕಿರುವುದು ಪ್ರೀತಿ, ಧಾರಾಳವಾಗಿ ಕೊಡಿ" ಅಂದರು, ಅಷ್ಟೇ. ನಾವು ಯಾರು, ಮಕ್ಕಳ ಜೊತೆ ಕೆಲಸ ಮಾಡಿದ ಅನುಭವ ಇದೆಯಾ, ಪೊಲೀಸ್ ಪರಿಶೀಲನೆ ಪತ್ರ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ಗುರುತಿನ ಚೀಟಿಯ ಪ್ರತಿ, ಒಂದು ಫೋಟೋ, ಎರಡೇ ಸಾಕಾಗಿತ್ತು. ಮರುದಿನ ನಾವು ಮಕ್ಕಳು ಮಲಗುವ ಕೋಣೆಯವರೆಗೂ ಓಡಾಡಿಕೊಂಡಿದ್ದೆವು. ಆಗ ಇದು ನನಗೆ ವಿಚಿತ್ರ ಅನಿಸಲೇ ಇಲ್ಲ. ಈಗ ನೆನೆಸಿಕೊಂಡರೆ ಹೆದರಿಕೆ ಆಗುತ್ತದೆ.

ಗೇಟು ತೆಗೆದ ಕೂಡಲೇ ಚಿಕ್ಕ ಮಕ್ಕಳು ಓಡಿಬಂದು ಕಾಲು ತಬ್ಬಿಕೊಂಡರು. ಒಬ್ಬ ಹುಡುಗ ನನ್ನ ಸೊಂಟ ಏರಿ ಕೂತುಬಿಟ್ಟ. ಐದು ನಿಮಿಷದ ಹಿಂದೆ ನನ್ನ ಮುಖವನ್ನೇ ನೋಡಿರದ ಮಗು. ನನಗೆ ಕಣ್ಣು ತುಂಬಿ ಬಂತು. ಎಷ್ಟು ಪ್ರೀತಿ ಈ ಮಕ್ಕಳಿಗೆ ಅಂದುಕೊಂಡೆ. ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ಅಮ್ಮನ ಹಿಂದೆ ಅಡಗುತ್ತದೆ ಅನ್ನೋದು ಆ ಹೊತ್ತಿಗೆ ಹೊಳೆಯಲಿಲ್ಲ.

ಒಬ್ಬಳು ಮಾತ್ರ ಓಡಿ ಬರಲಿಲ್ಲ. ಒಂಬತ್ತು ವರ್ಷದ ಹುಡುಗಿ. ಮೆಟ್ಟಿಲ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಹತ್ತಿರ ಹೋಗಿ ನಮಸ್ತೆ ಅಂದೆ. ಅವಳು ಕೇಳಿದ ಮೊದಲ ಪ್ರಶ್ನೆ: "ಕತಿ ದಿನ ಬಸ್ನೆ, ದೀದಿ?" ಎಷ್ಟು ದಿನ ಇರ್ತೀಯಾ ಅಕ್ಕ? ಹದಿನಾಲ್ಕು ಅಂದೆ. ಬೆರಳಲ್ಲಿ ಏನೋ ಎಣಿಸಿದಳು. ತಲೆಯಾಡಿಸಿ ಎದ್ದು ಹೋದಳು.

ನನ್ನ ಕೆಲಸ ಇಂಗ್ಲಿಷ್ ಹೇಳಿಕೊಡುವುದು. ನಾನು ಓದುತ್ತಿರುವುದು ಬಿಕಾಂ, ಪಾಠ ಮಾಡಿ ಗೊತ್ತಿಲ್ಲ. ಎರಡನೇ ದಿನ ಅವಳ ನೋಟ್‌ಬುಕ್ ತೆಗೆಸಿದೆ. ಶಾಲೆಯ ನೋಟ್‌ಬುಕ್‌ನಲ್ಲಿ ನೇಪಾಳದ ತಾರೀಖು, 2080 ಜೇಠ. ಸ್ವಯಂಸೇವಕರು ಬಂದಾಗ ಬರೆಯಲು ಇನ್ನೊಂದು ಪುಸ್ತಕ, ಅದರಲ್ಲಿ ನಮ್ಮ ಇಸವಿ. ಮೊದಲ ಪುಟದಲ್ಲಿ 'ಮೈ ನೇಮ್ ಈಸ್', ಕೆಳಗೆ ಯಾರೋ ಹಾಕಿದ ಕೆಂಪು ನಕ್ಷತ್ರ. ನಾಲ್ಕು ಪುಟ ದಾಟಿದರೆ ಬೇರೆ ಕೈಬರಹ, ಮತ್ತೆ 'ಮೈ ನೇಮ್ ಈಸ್', ಈ ಸಲ ನಗುಮುಖದ ಸ್ಟಿಕರ್. ಹೀಗೇ ಐದು ಸಲ. ಐದು ಗುಂಪುಗಳೂ ಅಲ್ಲಿಂದಲೇ ಶುರು ಮಾಡಿ, ಬಣ್ಣಗಳ ಹೆಸರಿನ ಹತ್ತಿರ ಬಂದು ಹೊರಟು ಹೋಗಿದ್ದವು. ಆ ದಿನ ನಾನು ಹೇಳಿಕೊಡಲು ತಯಾರು ಮಾಡಿಕೊಂಡು ಹೋಗಿದ್ದೂ ಅದನ್ನೇ. ಅವಳು ಒಂದು ಮಾತೂ ಆಡದೆ ಹೊಸ ಪುಟ ತೆಗೆದು, ನಾನು ಹೇಳುವ ಮೊದಲೇ ಬರೆದು ತೋರಿಸಿದಳು. ಅಕ್ಷರ ಮುತ್ತಿನ ಹಾಗಿತ್ತು.

ಉಳಿದ ನಾಲ್ವರಲ್ಲಿ ಒಬ್ಬ ಸೋರುವ ನಲ್ಲಿಗಳನ್ನು ರಿಪೇರಿ ಮಾಡಿದ, ಇಬ್ಬರು ಆಟ ಆಡಿಸಿದರು, ಇನ್ನೊಬ್ಬಳು ಅಡುಗೆಮನೆಯಲ್ಲಿ ಕೈಜೋಡಿಸಿದಳು. ಎಲ್ಲರೂ ಮನಸ್ಸಿಟ್ಟು ದುಡಿದರು, ಅದರಲ್ಲಿ ಎರಡು ಮಾತಿಲ್ಲ.

ಹೆಣ್ಣುಮಕ್ಕಳಿಗೆ ಜಡೆ ಹಾಕುವುದೆಂದರೆ ನಮಗೆಲ್ಲ ಖುಷಿ. ದಿನಾ ಸಂಜೆ ಸಾಲಾಗಿ ಕೂರುತ್ತಿದ್ದರು. ಆ ಹುಡುಗಿ ಮಾತ್ರ ತಲೆ ಮುಟ್ಟಲು ಬಿಡುತ್ತಿರಲಿಲ್ಲ. ಬಾಚಣಿಗೆ ಹಿಡಿದು ಕರೆದರೆ "ಪರ್ದೈನ" ಅನ್ನುತ್ತಿದ್ದಳು. ಬೇಡ ಅಂತ. ನಾಚಿಕೆ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ.

ನೇಪಾಳದಲ್ಲಿ ಶಾಲೆಗೆ ವಾರದ ರಜೆ ಶನಿವಾರ. ಎರಡನೇ ಶನಿವಾರ, ಅಂದರೆ ಮೇ 27ಕ್ಕೆ, ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಆ ಹುಡುಗಿ ಮೆಟ್ಟಿಲಿಂದ ಎದ್ದು "ಆಮಾ!" ಅಂತ ಕೂಗಿ ಓಡಿದಳು. ಆ ಪದಕ್ಕೆ ಕನ್ನಡದ ಅರ್ಥ ಬೇಕಾಗಲಿಲ್ಲ.

ಇಬ್ಬರೂ ಹೊರಗಿನ ಕಟ್ಟೆ ಮೇಲೆ ಕೂತರು. ತಾಯಿ ಚೀಲದಿಂದ ಸಾಸಿವೆ ಎಣ್ಣೆಯ ಸಣ್ಣ ಬಾಟಲಿ ತೆಗೆದರು. ಅಂಗೈಗೆ ಎಣ್ಣೆ ಸುರಿದುಕೊಂಡು ಮಗಳ ನೆತ್ತಿಗೆ ತಟ್ಟಿ, ನಿಧಾನಕ್ಕೆ ಸಿಕ್ಕು ಬಿಡಿಸಿದರು. ಅವರ ಬೆರಳಿನ ಬಿರುಕುಗಳಲ್ಲಿ, ಉಗುರಿನ ಸುತ್ತ ಇಟ್ಟಿಗೆ ಕೆಂಪು ಕೂತುಬಿಟ್ಟಿತ್ತು. ಬೈತಲೆ ಒಮ್ಮೆ ತೆಗೆದು, ಸೊಟ್ಟ ಆಯ್ತೆಂದು ಮತ್ತೆ ತೆಗೆದರು. ಎರಡು ಜಡೆ ಹೆಣೆದು, ಮಡಚಿ ಕಟ್ಟಿ, ಹೊಸ ರಿಬ್ಬನ್ ಹಾಕಿದರು. ಮಗಳು ಕಣ್ಣು ಮುಚ್ಚಿ ಕೂತಿದ್ದಳು. ಹತ್ತು ದಿನದಲ್ಲಿ ಅವಳ ಹೆಗಲು ಅಷ್ಟು ಹಗುರ ಆಗಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ತಾಯಿ ನನ್ನ ಹತ್ತಿರ ಬಂದು ಕೈಮುಗಿದರು. ಮಗಳ ಶಾಲೆ ಫೀಸು ಕಟ್ಟುವವಳು ನಾನೇ ಅಂತ ತಿಳಿದಿದ್ದರು. ನನ್ನ ಅರ್ಧಂಬರ್ಧ ಹಿಂದಿ, ಅವರ ಅರ್ಧಂಬರ್ಧ ಹಿಂದಿಯಲ್ಲಿ ಗೊತ್ತಾಗಿದ್ದು ಇಷ್ಟು. ಅವರ ಊರು ಸಿಂಧುಪಾಲ್ಚೋಕ್ ಜಿಲ್ಲೆ. 2015ರ ಭೂಕಂಪದಲ್ಲಿ ಮನೆ ಬಿತ್ತು. ಗಂಡ ದುಡಿಯಲು ಹೊರದೇಶಕ್ಕೆ ಹೋದವರು, ಸುದ್ದಿ ನಿಂತುಹೋಯಿತು. ಚಳಿಗಾಲದಿಂದ ಮಳೆ ಶುರುವಾಗುವವರೆಗೆ ಭಕ್ತಪುರದ ಇಟ್ಟಿಗೆ ಗೂಡಿನಲ್ಲಿ ಕೆಲಸ. ಮಳೆ ಬಂದರೆ ಗೂಡು ಬಂದ್, ಊರಿಗೆ ವಾಪಸ್. ಊರಿಗೆ ಹೋಗುವ ಮೊದಲು ಮಗಳನ್ನು ನೋಡಿಕೊಂಡು ಹೋಗಲು ಬಂದಿದ್ದರು. ಭಕ್ತಪುರ ಅಂದರೆ ಅದೇ ಕಾಠ್ಮಂಡು ಕಣಿವೆಯ ಇನ್ನೊಂದು ಬದಿ, ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೋಗಿಬರಬಹುದು. ಮಗಳನ್ನು ಯಾಕೆ ಇಲ್ಲಿ ಬಿಟ್ಟಿದ್ದೀರಿ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು: "ಇಲ್ಲಿದ್ದರೆ ಬೋರ್ಡಿಂಗ್‌ನಲ್ಲಿ ಓದುತ್ತಾಳೆ." ಅಲ್ಲಿ ಖಾಸಗಿ ಇಂಗ್ಲಿಷ್ ಶಾಲೆಗೆ ಬೋರ್ಡಿಂಗ್ ಅನ್ನುತ್ತಾರೆ.

ಸಂಜೆ ಆಶ್ರಮ ನಡೆಸುವವರನ್ನು ಕೇಳಿದೆ. 22 ಮಕ್ಕಳಲ್ಲಿ ತಂದೆ ಅಥವಾ ತಾಯಿ ಇರುವವರು ಎಷ್ಟು ಜನ? ಅವರು ಮುಚ್ಚಿಡಲಿಲ್ಲ. ಹೆಚ್ಚಿನವರಿಗೆ ಇದ್ದಾರೆ ಅಂದರು. ಮತ್ತೆ ಬೋರ್ಡಿನಲ್ಲಿ ಅನಾಥ ಅಂತ ಯಾಕೆ? "ಬಡ ಮಕ್ಕಳು ಅಂದರೆ ಯಾರು ಬರ್ತಾರೆ, ನೀವು ಬರ್ತಿದ್ರಾ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಬರುತ್ತಿರಲಿಲ್ಲ ಅಂತಲೇ ಕಾಣುತ್ತದೆ.

ಆ ರಾತ್ರಿ ಗೆಸ್ಟ್ ಹೌಸಿನ ತಾರಸಿಯಲ್ಲಿ ನಾವು ಐವರೂ ಬಹಳ ಹೊತ್ತು ಕೂತಿದ್ದೆವು. ಒಬ್ಬಳು ಅತ್ತಳು, "ಹಾಗಾದ್ರೆ ನಾವು ಬಂದಿದ್ದೇ ತಪ್ಪಾ?" ಅಂತ. ಫುಟ್‌ಬಾಲ್ ಆಡಿಸುತ್ತಿದ್ದವನು ಒಪ್ಪಲಿಲ್ಲ. ಎರಡು ವಾರ ಆ ಹುಡುಗರು ನಕ್ಕಿದ್ದು ಸುಳ್ಳಲ್ಲವಲ್ಲ ಅಂದ. ಸುಳ್ಳಲ್ಲ ನಿಜ. ಆದರೆ ಹಿಂದಿನ ದಿನವೇ ಮಕ್ಕಳನ್ನು ನೋಡಿಕೊಳ್ಳುವ ಆಯಾ ನನ್ನ ಹತ್ತಿರ ಒಂದು ಮಾತು ಹೇಳಿದ್ದರು. "ಗುಂಪು ಹೋದ ಮೇಲೆ ಚಿಕ್ಕವರು ಎರಡು ದಿನ ಸರಿಯಾಗಿ ಉಣ್ಣಲ್ಲ. ಮೂರನೇ ದಿನಕ್ಕೆ ಸರಿಹೋಗ್ತಾರೆ. ಅಷ್ಟರಲ್ಲಿ ಇನ್ನೊಂದು ಗುಂಪು ಬರತ್ತೆ." ಅದನ್ನು ಅವನಿಗೂ ಹೇಳಿದೆ. ಅವನು ಆಮೇಲೆ ಮಾತಾಡಲಿಲ್ಲ.

ಬಂದ ಮೇಲೆ ಓದಲು ಶುರು ಮಾಡಿದೆ. ಹೋಗುವ ಮೊದಲೇ ಓದಬೇಕಿತ್ತು. ನೇಪಾಳದ ಅನಾಥಾಶ್ರಮಗಳಲ್ಲಿರುವ ಮಕ್ಕಳಲ್ಲಿ ಸುಮಾರು ಶೇಕಡ 85ರಷ್ಟು ಮಂದಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಅಂತ ಯುನಿಸೆಫ್ ಹೇಳಿದೆ. ಇಂಥ ಆಶ್ರಮಗಳಲ್ಲಿ ಹೆಚ್ಚಿನವು ಇರುವುದು ಕಾಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತ್ವನ್ ಜಿಲ್ಲೆಗಳಲ್ಲಿ. ಬಡತನ ಜಾಸ್ತಿ ಇರುವುದು ದೂರದ ಗುಡ್ಡಗಾಡಿನಲ್ಲಿ, ಆಶ್ರಮಗಳು ಮಾತ್ರ ಪ್ರವಾಸಿಗಳು ಬರುವ ಕಡೆ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದ ಕಾಲದಲ್ಲಿ ಹುಮ್ಲಾದಂಥ ದೂರದ ಜಿಲ್ಲೆಗಳಿಂದ, ಓದಿಸುತ್ತೇವೆ ಅಂತ ತಂದೆತಾಯಿಯರಿಂದ ದುಡ್ಡು ಪಡೆದು ಮಕ್ಕಳನ್ನು ಕಾಠ್ಮಂಡುವಿಗೆ ಸಾಗಿಸಿದ ದಲ್ಲಾಳಿಗಳಿದ್ದರು. 2015ರ ಭೂಕಂಪದ ಬಳಿಕ ಹಾಗೇ ಆಗಬಾರದೆಂದು ಸರ್ಕಾರ ಹೊಸ ಆಶ್ರಮಗಳ ನೋಂದಣಿಯನ್ನೇ ನಿಲ್ಲಿಸಿತ್ತು. 2018ರ ನೇಪಾಳದ ಮಕ್ಕಳ ಕಾಯ್ದೆಯ ಪ್ರಕಾರ ಮೊದಲು ಬಂಧುಗಳ ಮನೆ, ಆಮೇಲೆ ಬೇರೆ ಕುಟುಂಬ, ಏನೂ ಆಗದಿದ್ದರೆ ಕೊನೆಗೆ ಆಶ್ರಮ. ಅದೇ ವರ್ಷ ಆಸ್ಟ್ರೇಲಿಯಾ ಆಧುನಿಕ ಗುಲಾಮಗಿರಿ ತಡೆಯುವ ತನ್ನ ಕಾಯ್ದೆ ತಂದಾಗ, ಆಶ್ರಮಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನೂ ಆ ಗುಲಾಮಗಿರಿಯ ಒಂದು ರೂಪ ಅಂತ ಒಪ್ಪಿಕೊಂಡಿತು.

ನಾನಿದ್ದ ಆಶ್ರಮ ಅಂಥದ್ದು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಮಕ್ಕಳಿಗೆ ಹೊಟ್ಟೆ ತುಂಬ ಊಟ ಇತ್ತು, ಹೊಡೆತ ಇರಲಿಲ್ಲ. ಆದರೂ ಆ ಒಂಬತ್ತು ವರ್ಷದವಳು ಅಲ್ಲಿ ಇರಬೇಕಾದವಳಲ್ಲ, ಅಲ್ವಾ?

ಓಡಿಬಂದು ಸೊಂಟ ಏರಿದ ಆ ಹುಡುಗನ ಬಗ್ಗೆಯೂ ಆಮೇಲೆ ಅರ್ಥವಾಯಿತು. 2000ನೇ ಇಸವಿಯಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಆಶ್ರಮದ 136 ಪುಟ್ಟ ಮಕ್ಕಳ ಅಧ್ಯಯನ ಶುರುವಾಯಿತು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟರು. ಕುಟುಂಬಕ್ಕೆ ಹೋದವರು, ಅದರಲ್ಲೂ ಎರಡು ವರ್ಷದೊಳಗೆ ಹೋದವರು, ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಚೆನ್ನಾಗಿ ಚೇತರಿಸಿಕೊಂಡರು. ಸಿಕ್ಕ ಸಿಕ್ಕ ಅಪರಿಚಿತರ ಜೊತೆ ಹೊರಟುಬಿಡುವ ಸ್ವಭಾವ ಆಶ್ರಮದಲ್ಲಿ ಬೆಳೆದ ಮಕ್ಕಳಲ್ಲಿ ಜಾಸ್ತಿ ಕಾಣುತ್ತದಂತೆ. ನಾನು ಪ್ರೀತಿ ಅಂದುಕೊಂಡು ಕಣ್ಣೀರು ಹಾಕಿದ್ದು ಇದನ್ನು ನೋಡಿಯೇ ಇರಬೇಕು.

ಈಗ ದುಡ್ಡಿನ ಮಾತು. ಐವರ ಫೀಸು ಸೇರಿ 3,00,000 ನೇಪಾಳಿ ರೂಪಾಯಿ. ಆಯಾ ಅವರ ಸಂಬಳ ತಿಂಗಳಿಗೆ 15,000. ಅಲ್ಲಿ ಇದ್ದದ್ದು 22 ಮಕ್ಕಳಿಗೆ ಇಬ್ಬರೇ ಆಯಾಗಳು. ನಾವು ಎರಡು ವಾರಕ್ಕೆ ಕೊಟ್ಟ ದುಡ್ಡಿನಲ್ಲಿ ಮೂರನೇ ಆಯಾ 20 ತಿಂಗಳು ಇರಬಹುದಿತ್ತು. ಅವರು ಹದಿನಾಲ್ಕನೇ ದಿನ ಬಿಟ್ಟು ಹೋಗುತ್ತಿರಲಿಲ್ಲ. ಇಲ್ಲವೇ ತಾಯಂದಿರ ಕೈಗೆ ಶಾಲೆ ಫೀಸು ಸೇರಬಹುದಿತ್ತು. ನಮ್ಮ ಫೀಸಿನಲ್ಲಿ ಆಶ್ರಮಕ್ಕೆ ಎಷ್ಟು ಹೋಯಿತು ಅಂತ ಸಂಸ್ಥೆಯನ್ನು ಎರಡು ಸಲ ಕೇಳಿದೆ. ಲೆಕ್ಕ ಇವತ್ತಿಗೂ ಬಂದಿಲ್ಲ.

ಯಾರಾದರೂ ಇಂಥ ಪ್ಯಾಕೇಜ್ ಬುಕ್ ಮಾಡಲು ಹೊರಟಿದ್ದರೆ ನನ್ನ ಮಾತು ನೇರವಾಗಿದೆ: ಆಶ್ರಮದ್ದು ಬೇಡ. ಯಾವ ತಿಂಗಳಾದರೂ ಬನ್ನಿ, ಅನುಭವ ಬೇಕಿಲ್ಲ ಅಂದರಂತೂ ಅಲ್ಲೇ ಫೋನ್ ಇಟ್ಟುಬಿಡಿ. ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಈ ಮಕ್ಕಳಲ್ಲಿ ಎಷ್ಟು ಜನರನ್ನು ಕಳೆದ ವರ್ಷ ಮನೆಗೆ ಸೇರಿಸಿದ್ದೀರಿ? ತಡವರಿಸಿದರೆ ಅದೇ ಉತ್ತರ. ನೇಪಾಳ ನೋಡುವ ಆಸೆ ಇದ್ದರೆ ಪ್ರವಾಸಿಯಾಗಿಯೇ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಸಹಾಯದ ದುಡ್ಡನ್ನು ಮಕ್ಕಳನ್ನು ಮನೆಗೆ ಸೇರಿಸುವ, ತಾಯಂದಿರ ಕೈ ಹಿಡಿಯುವ ಕೆಲಸಕ್ಕೆ ಕೊಡಿ. ಅಲ್ಲಿ ಮಗುವೊಂದು ಕಷ್ಟದಲ್ಲಿರುವುದು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಹೊರಡುವ ದಿನ ಬೀಳ್ಕೊಡುಗೆ ಕಾರ್ಯಕ್ರಮ ಇಟ್ಟಿದ್ದರು. ಮಕ್ಕಳು ಕುಣಿದರು, ನಮಗೆ ಗೌರವದ ಶಾಲು, ಖಾದಾ, ಹಾಕಿದರು. ಅವಳು ಹಿಂದೆ ಹಗ್ಗದ ಮೇಲೆ ಶಾಲೆಯ ಅಂಗಿ ಒಣಹಾಕುತ್ತಿದ್ದಳು. ಹೋಗಿ ಬರ್ತೀನಿ ಅಂದೆ. "ಬಾಯ್, ದೀದಿ" ಅಂದಳು, ಅಂಗಿಯ ಸುಕ್ಕು ಬಿಡಿಸುತ್ತಾ. ಎಣಿಸಿದ ದಿನ ಮುಗಿದಿತ್ತು.

ಒಂದು ತಿಂಗಳ ಬಳಿಕ ಸಂಸ್ಥೆಯ ಜಾಹೀರಾತಿನಲ್ಲಿ ಅವಳ ಫೋಟೋ ಕಂಡಿತು. ಆ ಶನಿವಾರದ್ದೇ. ಎಣ್ಣೆ ಹೊಳೆಯುವ ಎರಡು ಜಡೆ, ಹೊಸ ರಿಬ್ಬನ್, ನೇರ ಬೈತಲೆ. ಕೆಳಗೆ 'ಅಮ್ಮನಿಲ್ಲದ ಈ ಮಗುವಿಗೆ ನೀವೇ ಆಸರೆ' ಅಂತ ಬರೆದಿತ್ತು. ತೆಗೆಯಿರಿ ಅಂತ ಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಐವರೂ ಸೇರಿ ಇನ್ನೊಂದು ಹಾಕಿದೆವು. ಫುಟ್‌ಬಾಲ್ ಆಡಿಸಿದವನೇ ಮೂರನೆಯದನ್ನು ಬರೆದ, ಆ ಜಡೆ ಹಾಕಿದ್ದು ಯಾರು ಅಂತ ವಿವರವಾಗಿ. ಆಮೇಲೆ ತೆಗೆದರು.