ಅಣ್ಣನ ಬ್ರೈನ್ ಟ್ಯೂಮರ್ ಆಪರೇಷನ್: ನ್ಯಾವಿಗೇಷನ್ ಸೇವೆ ಹೇಗಿತ್ತು?

ನಾವು ಸಕಲೇಶಪುರದವರು. ಅಣ್ಣ ಕನ್ನಡ ಮೇಷ್ಟ್ರು. ಪಾಠ ಮಾಡುವಾಗ ಪದ ಸಿಗದೆ ತಡವರಿಸಲು ಶುರುವಾಯಿತು. ಹಾಸನದಲ್ಲಿ ಎಂಆರ್‌ಐ ಮಾಡಿಸಿದರೆ ಮಿದುಳಿನ ಎಡಭಾಗದಲ್ಲಿ, ಮುಂದುಗಡೆ ಗಡ್ಡೆ. ಆಪರೇಷನ್ ಆಗಿದ್ದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಸ್ಕ್ಯಾನ್ ಚಿತ್ರವನ್ನೇ ಮ್ಯಾಪ್ ಮಾಡಿಕೊಂಡು ಸರ್ಜನ್‌ಗೆ ದಾರಿ ತೋರಿಸುವ ನ್ಯಾವಿಗೇಷನ್ ಬಳಸಿ.

ನನಗೆ ತುಂಬಾ ಹಿಡಿಸಿದ್ದು ಸರ್ಜನ್ ವಿವರಿಸಿದ ರೀತಿ. ಕಂಪ್ಯೂಟರ್ ಮುಂದೆ ಕೂರಿಸಿ ಅಣ್ಣನ ಮಿದುಳಿನ ನರದ ಎಳೆಗಳನ್ನು ತೋರಿಸಿದರು. ಟ್ರಾಕ್ಟೋಗ್ರಫಿ ಅಂತಾರೆ. ಅಡ್ಡ ಹೋಗುವ ಎಳೆ ಕೆಂಪು, ಹಿಂದೆ ಮುಂದೆ ಹೋಗುವುದು ಹಸಿರು, ಮೇಲಿಂದ ಕೆಳಗಿಳಿಯುವುದು ನೀಲಿ. ಬಲಗೈ ಆಡಿಸುವ ನೀಲಿ ಎಳೆಗಳು ಗಡ್ಡೆಯ ಪಕ್ಕದಲ್ಲೇ ಬಾಗಿಕೊಂಡು ಇಳಿದಿದ್ದವು. ‘ಇಲ್ಲಿಗೆ ಬಂದರೆ ನಿಲ್ಲಿಸ್ತೀನಿ’ ಅಂದರು. ಸಹಿ ಹಾಕಲು ಹೆದರುತ್ತಿದ್ದ ಅತ್ತಿಗೆ ಅದನ್ನು ನೋಡಿದ ಮೇಲೇ ಪೆನ್ನು ಹಿಡಿದಿದ್ದು.

ಮಾತಿನ ಜಾಗ ಗುರುತಿಸಲು ಫಂಕ್ಷನಲ್ ಎಂಆರ್‌ಐ ಮಾಡಿದರು. ಪದ ಯೋಚಿಸುವಾಗ ಮಿದುಳಿನ ಯಾವ ಜಾಗ ಕೆಲಸ ಮಾಡುತ್ತದೆ ಅಂತ ತೋರಿಸುವ ಸ್ಕ್ಯಾನ್ ಅದು. ಅಲ್ಲಿ ಮೊದಲು ಇಂಗ್ಲಿಷ್ ಪದಗಳಲ್ಲೇ ಪರೀಕ್ಷೆ ಶುರು ಮಾಡಲು ಹೊರಟಿದ್ದರು. ಜೀವನಪೂರ್ತಿ ಕನ್ನಡದಲ್ಲಿ ಪಾಠ ಮಾಡಿದವರಿಗೆ ಅದ್ಯಾವ ಪರೀಕ್ಷೆ? ಕೇಳಿದ ಮೇಲೆ ‘ಕ ಅಕ್ಷರದಿಂದ ಶುರುವಾಗುವ ಪದ ಮನಸ್ಸಲ್ಲೇ ಹೇಳಿಕೊಳ್ಳಿ’ ಅಂತ ಮಾಡಿಸಿದರು. ನಾವು ಕೇಳದೆ ಇದ್ದಿದ್ದರೆ? ಇದಕ್ಕೆ ಒಂದು ಸ್ಟಾರ್ ಕಡಿಮೆ.

ಆಪರೇಷನ್ ಥಿಯೇಟರಿನಲ್ಲಿ ನ್ಯಾವಿಗೇಷನ್ ಯಂತ್ರ ಇರುತ್ತದೆ. ಸರ್ಜನ್ ಕೈಯಲ್ಲಿನ ಕಡ್ಡಿಯ ತುದಿ ತಲೆಯೊಳಗೆ ಎಲ್ಲಿದೆ ಅಂತ ಸ್ಕ್ಯಾನ್ ಚಿತ್ರದ ಮೇಲೆ ಕಾಣುತ್ತದೆ. ಆದರೆ ಅಷ್ಟನ್ನೇ ನಂಬುವ ಹಾಗಿಲ್ಲ. ಬುರುಡೆ ತೆರೆದು ಮಿದುಳಿನ ಸುತ್ತ ಇರುವ ನೀರು ಹರಿದುಹೋದರೆ ಮಿದುಳು ಸ್ವಲ್ಪ ಕುಸಿಯುತ್ತದೆ, ಚಿತ್ರ ಮಾತ್ರ ಹಳೆಯದೇ. ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿದ್ದರೂ ಮ್ಯಾಪ್ ಹಳೇ ರಸ್ತೆ ತೋರಿಸುತ್ತದಲ್ವಾ, ಹಾಗೆ. ಅದಕ್ಕೇ ನಡುನಡುವೆ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾರೆ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಥಿಯೇಟರ್ ಒಳಗೇ ಎಂಆರ್‌ಐ ಇದೆ. ನಮ್ಮ ಕಡೆ ಇರಲಿಲ್ಲ.

ದೊಡ್ಡ ದೂರು ಒಂದಿದೆ. ಹಾಸನದ ಸ್ಕ್ಯಾನ್ ನ್ಯಾವಿಗೇಷನ್‌ಗೆ ಆಗಲಿಲ್ಲ. ಸ್ಕ್ಯಾನ್ ಮಿದುಳನ್ನು ಪದರ ಪದರವಾಗಿ ತೋರಿಸುತ್ತದೆ; ನ್ಯಾವಿಗೇಷನ್‌ಗೆ ಆ ಪದರ (ಸ್ಲೈಸ್) ಸುಮಾರು 1 ಮಿಲಿಮೀಟರ್‌ನಷ್ಟು ತೆಳು ಇರಬೇಕಂತೆ, ನಮ್ಮದು ದಪ್ಪ ಇತ್ತು. ಸುಮ್ನೆ ಮತ್ತೊಮ್ಮೆ ದುಡ್ಡು, ಮತ್ತೊಮ್ಮೆ ಆ ಸುರಂಗದೊಳಗೆ ಮಲಗುವ ಸಂಕಟ. ಅಪಾಯಿಂಟ್‌ಮೆಂಟ್ ಕೊಡುವಾಗಲೇ ಆಸ್ಪತ್ರೆಯವರು ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಊರಲ್ಲಿ ಸ್ಕ್ಯಾನ್ ಮಾಡಿಸುವವರು ಮೊದಲೇ ಸರ್ಜನ್ ಹತ್ತಿರ ಪ್ರೋಟೋಕಾಲ್, ಅಂದರೆ ಸ್ಕ್ಯಾನ್ ಹೇಗೆ ಮಾಡಬೇಕು ಅನ್ನೋ ವಿವರ, ಬರೆಸಿಕೊಳ್ಳಿ. ಫಿಲ್ಮ್ ಸಾಲದು, ಡಿಸ್ಕ್ ಕೇಳಿ.

ಆಪರೇಷನ್ ಆದ 72 ಗಂಟೆಯೊಳಗೆ ಇನ್ನೊಂದು ಎಂಆರ್‌ಐ ಮಾಡಿ, ನೀಲಿ ಎಳೆಗಳ ಪಕ್ಕ ಬೇಕೆಂದೇ ಬಿಟ್ಟ ಚೂರನ್ನು ನಮಗೆ ತೋರಿಸಿದರು. ಅದಕ್ಕೆ ರೇಡಿಯೇಷನ್ ನಡೆಯುತ್ತಿದೆ. ಬಲಗೈಗೆ ಏನೂ ಆಗಿಲ್ಲ. ಮಾತು ಇನ್ನೂ ನಿಧಾನ, ಸ್ಪೀಚ್ ಥೆರಪಿಗೆ ಹೋಗುತ್ತಿದ್ದಾರೆ. ನಾಲ್ಕು ಸ್ಟಾರ್.