ನಾರಾಯಣ ಹೋಟೆಲಿನ ಬಂಗುಡೆ

ಮಂಗಳೂರಿನ ಹಳೆ ಬಂದರು ಪ್ರದೇಶದಲ್ಲಿರುವ ನಾರಾಯಣ ಹೋಟೆಲಿಗೆ ಮಧ್ಯಾಹ್ನದ ಹೊತ್ತು ಹೋದವರು ಮೊದಲು ಕಾಯಬೇಕಾಗುತ್ತದೆ. ಒಳಗೆ ಅಲಂಕಾರವೆಂಬುದಿಲ್ಲ, ಯಾರಾದರೂ ಉಂಡು ಎದ್ದ ಜಾಗದಲ್ಲಿ ಕುಳಿತುಕೊಳ್ಳಬೇಕು, ಎದುರಿಗೆ ಕುಳಿತವರು ಅಪರಿಚಿತರಾಗಿರುವುದೇ ಹೆಚ್ಚು, ಮತ್ತು ಬೆನ್ನ ಹಿಂದೆ ಕಾಯುತ್ತ ನಿಂತವರಿರುವಾಗ ಊಟ ಮುಗಿಸಿ ಹರಟೆ ಹೊಡೆಯುವುದು ಸಲ್ಲದು ಎಂಬುದು ಎಲ್ಲರಿಗೂ ಹೇಳದೆಯೇ ಅರ್ಥವಾಗುತ್ತದೆ. ಈ ನೂಕುನುಗ್ಗಲನ್ನು ಅನನುಕೂಲವೆಂದು ನಾನು ಭಾವಿಸುವುದಿಲ್ಲ. ಮೀನಿನ ಹೋಟೆಲಿನಲ್ಲಿ ಜನ ಹೆಚ್ಚಿದಷ್ಟೂ ಮೀನು ಉಳಿಯುವುದು ಕಡಿಮೆ.

ಇಲ್ಲಿಯ ವಿಶೇಷವೆಂದರೆ ಆಯ್ಕೆಯ ಕ್ರಮ. ಮಸಾಲೆ ಸವರಿದ ಹಸಿ ಮೀನುಗಳನ್ನು ತಟ್ಟೆಯಲ್ಲಿ ಮೇಜಿನ ಬಳಿಗೇ ತಂದು ತೋರಿಸುತ್ತಾರೆ. ಬೇಕಾದದ್ದನ್ನು ತೋರಿಸಿದರೆ ಅದು ಕಾವಲಿಗೆ ಹೋಗುತ್ತದೆ. ನೋಡಲು ಇದು ಬಹಳ ಪಾರದರ್ಶಕವಾದ ವ್ಯವಸ್ಥೆಯೆನಿಸಿದರೂ, ಮಾರುಕಟ್ಟೆಯಲ್ಲಿ ನಾವು ಪರೀಕ್ಷಿಸುವ ಕಣ್ಣಿನ ಹೊಳಪಾಗಲಿ ಕಿವಿರಿನ ಕೆಂಪಾಗಲಿ ಆ ದಪ್ಪ ಕೆಂಪು ಮಸಾಲೆಯಡಿ ಕಾಣುವುದಿಲ್ಲ ಎಂಬುದನ್ನು ನೆನಪಿಡಬೇಕು. ಗಾತ್ರವನ್ನಷ್ಟೇ ನಾವು ಆರಿಸುವುದು, ತಾಜಾತನದ ತೀರ್ಪು ಬಾಯಿಗೆ ಬಿಟ್ಟದ್ದು.

ಪ್ರವಾಸಕ್ಕೆ ಬಂದವರ ಕಣ್ಣು ಸಾಮಾನ್ಯವಾಗಿ ಅಂಜಲ್ (ಸೀರ್ ಫಿಶ್) ಮೀನಿನ ಮೇಲೆ ಬೀಳುತ್ತದೆ. ಮುಳ್ಳು ಕಡಿಮೆ, ತುಂಡು ದೊಡ್ಡದು, ಹೆಸರೂ ದೊಡ್ಡದು, ಅದಕ್ಕೆ ತಕ್ಕಂತೆ ಬೆಲೆಯೂ ದೊಡ್ಡದು. ಆದರೆ ದಪ್ಪ ಮಾಂಸದ ಅಂಜಲ್ ಐಸಿನಲ್ಲಿ ಒಂದಷ್ಟು ಕಾಲ ತಾಳಿಕೊಳ್ಳುತ್ತದೆ. ಎಣ್ಣೆಯಂಶ ಹೆಚ್ಚಿರುವ ಬಂಗುಡೆ (ಮ್ಯಾಕರೆಲ್), ಬೂತಾಯಿ (ಸಾರ್ಡಿನ್) ಮೀನುಗಳು ಹಾಗೆ ತಾಳುವುದಿಲ್ಲ. ಹಳತಾದ ಬಂಗುಡೆಯ ಮಾಂಸ ಹಿಟ್ಟಿನಂತಾಗುತ್ತದೆ, ಕೆಲವೊಮ್ಮೆ ನಾಲಗೆಯನ್ನೂ ತುರಿಸುತ್ತದೆ. ಆದ್ದರಿಂದ ಕರಾವಳಿಯ ಯಾವುದೇ ಹೋಟೆಲನ್ನು ಅಳೆಯುವುದಿದ್ದರೆ ಅದರ ಬಂಗುಡೆಯಿಂದಲೇ ಅಳೆಯಬೇಕೆಂಬುದು ನನ್ನ ಅಭಿಪ್ರಾಯ. ನಾರಾಯಣದ ಬಂಗುಡೆ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ತೇರ್ಗಡೆಯಾಗುತ್ತದೆ: ಬೆನ್ನಿನ ಗೀರುಗಳಲ್ಲಿ ಮಸಾಲೆ ಇಳಿದು, ಅಂಚು ಕಂದಿ ಗರಿಗರಿಯಾಗಿ, ಒಳಗಿನ ಮಾಂಸ ತೇವ ಕಳೆದುಕೊಳ್ಳದೆ ಮುಳ್ಳಿನಿಂದ ಪದರು ಪದರಾಗಿ ಬಿಡಿಸಿಕೊಳ್ಳುತ್ತದೆ.

ಮಸಾಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬ್ಯಾಡಗಿ ಮೆಣಸಿನ ಬಣ್ಣ, ಹುಣಸೆಯ ಹುಳಿ, ಬೆಳ್ಳುಳ್ಳಿಯ ಘಾಟು ಮಂಗಳೂರಿನ ಮೀನಿನ ಮಸಾಲೆಗೆಲ್ಲ ಸಾಮಾನ್ಯ. ಕಷ್ಟವಿರುವುದು ಪ್ರಮಾಣದಲ್ಲಿ ಮತ್ತು ಬೆಂಕಿಯ ಹದದಲ್ಲಿ. ಮಸಾಲೆ ತೆಳುವಾದರೆ ಕಾವಲಿಗೆ ಅಂಟಿ ಕಿತ್ತುಬರುತ್ತದೆ, ದಪ್ಪವಾದರೆ ಹೊರಗೆ ಕಂದಿದರೂ ಒಳಪದರದಲ್ಲಿ ಹಸಿ ವಾಸನೆ ಉಳಿಯುತ್ತದೆ. ನಗರದ ಎಷ್ಟೋ ಕಡೆ ರವೆಯ ಕವಚದಲ್ಲಿ ಈ ಕಷ್ಟವನ್ನು ಅಡಗಿಸಿಬಿಡುತ್ತಾರೆ. ರವಾ ಫ್ರೈಯನ್ನು ನಾನು ದೂರುತ್ತಿಲ್ಲ, ಮೆತ್ತಗಿನ ಕಾಣೆ ಮೀನಿಗೆ ಅದು ಒಪ್ಪುತ್ತದೆ; ಆದರೆ ಇಲ್ಲಿಯ ತವಾ ಫ್ರೈ ಯಾವ ಕವಚದ ಹಂಗೂ ಇಲ್ಲದೆ ನಿಲ್ಲುತ್ತದೆ. ಖಾರ ತುಸು ಮುಂದಿರುತ್ತದೆ, ಮಕ್ಕಳನ್ನು ಕರೆದೊಯ್ಯುವವರು ಗಮನಿಸಬೇಕು.

ಊಟಕ್ಕೆ ಕುಚ್ಚಲಕ್ಕಿ ಅನ್ನ ಮತ್ತು ಮೀನಿನ ಸಾರು. ದಪ್ಪ ಅಗುಳಿನ ಈ ಅನ್ನ ಘಟ್ಟದ ಮೇಲಿನವರಿಗೆ ಮೊದಲ ತುತ್ತಿನಲ್ಲಿ ಅಷ್ಟು ಹಿಡಿಸಲಿಕ್ಕಿಲ್ಲ, ಆದರೆ ಹುಳಿ ಖಾರದ ಸಾರನ್ನು ಹೀರಿಕೊಂಡೂ ಮುದ್ದೆಯಾಗದೆ ಬಿಡಿಯಾಗಿ ಉಳಿಯುವ ಗುಣ ಬಿಳಿ ಅನ್ನಕ್ಕೆ ಇಲ್ಲ.

ಹೋಗುವ ಕಾಲವೂ ಮುಖ್ಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ನಾಡದೋಣಿಯವರು ತರುವ ಅಲ್ಪಸ್ವಲ್ಪ ಮೀನನ್ನು ಬಿಟ್ಟರೆ ಊರಿಗೆ ಬರುವುದು ಬಹುಪಾಲು ಹೊರಗಿನ ಐಸಿನ ಮೀನು, ಬೆಲೆಯೂ ಏರುತ್ತದೆ. ಆ ಎರಡು ತಿಂಗಳ ಊಟದಿಂದ ಮಂಗಳೂರಿನ ಯಾವ ಹೋಟೆಲಿನ ಬಗ್ಗೆಯೂ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ದೋಣಿಗಳು ಮತ್ತೆ ಕಡಲಿಗಿಳಿದು ದಕ್ಕೆಯಲ್ಲಿ ಬಂಗುಡೆಯ ಬುಟ್ಟಿಗಳು ತುಂಬತೊಡಗಿದ ಮೇಲೆ ಹೋಗುವುದು ಒಳ್ಳೆಯದು.

ಬೆಣ್ಣೆ ಬೆಳ್ಳುಳ್ಳಿಯ ಏಡಿ, ತಂಪು ಕೋಣೆ, ಬಿಡುವಾದ ಮಾತುಕತೆ ಬೇಕೆನ್ನುವವರಿಗೆ ನಗರದಲ್ಲಿ ಬೇರೆ ಹೋಟೆಲುಗಳಿವೆ. ಇಲ್ಲಿಗೆ ಬರುವವರು ಜನ ಸೇರುವ ಮುನ್ನವೇ ಬರಲಿ. ತಡವಾದಷ್ಟೂ ತಟ್ಟೆಯಲ್ಲಿ ಆಯ್ಕೆ ಕಡಿಮೆಯಾಗುತ್ತ ಹೋಗುತ್ತದೆ.