ಜೋಳಕ್ಕ ಪಾಸು, ಮಳೆಗಾಲಕ್ಕ ನಪಾಸು: ಧಾರವಾಡದ ಒಂದು ಸಹಕಾರಿ ದಿನಸಿ ಮಳಿಗೆಯ ದೀರ್ಘ ಬಳಕೆಯ ವಿಮರ್ಶೆ

ಸಾಬೂನು, ಸಕ್ಕರೆ, ಬಿಸ್ಕತ್ತು ತರಲು ಈ ಮಳಿಗೆಗೆ ಹೋಗುವುದು ದಂಡ. ಅವು ಓಣಿಯ ಕಿರಾಣಿ ಅಂಗಡಿಯಲ್ಲೂ ಅದೇ ದರಕ್ಕೆ ಸಿಗುತ್ತವೆ, ಸೂಪರ್‌ ಮಾರ್ಕೆಟ್ಟಿನಲ್ಲಿ ಇನ್ನೂ ಅಗ್ಗ. ಧಾರವಾಡದ ಬಡಾವಣೆಯೊಂದರ ಈ ಗ್ರಾಹಕರ ಸಹಕಾರಿ ಮಳಿಗೆಯಲ್ಲಿ ಕೊಳ್ಳಬೇಕಾದ್ದು ಬಿಳಿಜೋಳ, ಗಾಣದ ಎಣ್ಣೆ, ನವಣೆ, ಒಣ ಮೆಣಸಿನಕಾಯಿ, ಚಟ್ನಿಪುಡಿ ಮತ್ತು ವಾರಕ್ಕೆರಡು ಸಲ ಬರುವ ಪಲ್ಲೆ, ಅಂದರೆ ಸೊಪ್ಪು. ಉಳಿದದ್ದೆಲ್ಲ ಕಪಾಟು ಖಾಲಿ ಕಾಣಬಾರದೆಂದು ಇಟ್ಟದ್ದು.

ಜೋಳವೊಂದೇ ಸಾಕು ಸದಸ್ಯತ್ವದ ರೊಕ್ಕ ವಸೂಲಾಗಲು. ಇಲ್ಲಿ ಬರುವುದು ಹೆಚ್ಚಾಗಿ ಮಾಲದಂಡಿ, ಅಂದರೆ ಎಂ 35-1 ತಳಿ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದಲ್ಲಿ ಸೆಪ್ಟೆಂಬರ್‌–ಅಕ್ಟೋಬರ್‌ನಲ್ಲಿ ಬಿತ್ತಿ, ಫೆಬ್ರುವರಿ–ಮಾರ್ಚ್‌ನಲ್ಲಿ ಕೊಯ್ದ ಹಿಂಗಾರಿ ಬೆಳೆ. ಸಂಕ್ರಾಂತಿ ಹೊತ್ತಿಗೆ ಹೆಸರು ಬರೆಸಿದರೆ ಯುಗಾದಿಯೊಳಗೆ ಚೀಲ ಕೈಗೆ ಬರುತ್ತದೆ. ದರ ಎಪಿಎಂಸಿಗಿಂತ ತುಸು ಮೇಲೆ; ಆದರೆ ಕಲ್ಲು, ಕಸ, ನುಚ್ಚು ತೆಗೆದ ಕಾಳು ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಹೊರೆ ಅನ್ನಿಸುವುದಿಲ್ಲ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಕಾಳು ಬಂದ ಊರು, ರೈತರಿಗೆ ಕೊಟ್ಟ ದರ, ಮಾರುವ ದರ ಮೂರನ್ನೂ ಬರೆಯುತ್ತಾರೆ. ಬೇರೆ ಯಾವ ಅಂಗಡಿ ಮೂರನೇದರ ಜೊತೆ ಮೊದಲೆರಡನ್ನೂ ತೋರಿಸುತ್ತದೆ? ಹಲಗೆ ಅಳಿಸಿ ಹೊಸದು ಬರೆಯಲು ಮರೆತ ವಾರ ಮಾತ್ರ ಜಗಳ ಗ್ಯಾರಂಟಿ.

ಚೀಲ ಹೊರುವ ಮುಂಚೆ ಒಂದು ಹಿಡಿ ಕಾಳು ಅಂಗೈಗೆ ಹಾಕಿಕೊಳ್ಳಿ. ಒಳ್ಳೆ ಮಾಲದಂಡಿ ಮುತ್ತಿನ ಹೊಳಪಿನದು, ದುಂಡಗೆ, ಗಟ್ಟಿ. ಹಲ್ಲಲ್ಲಿ ಕಡಿದರೆ ಕಟ್‌ ಅನ್ನಬೇಕು; ಮೆತ್ತಗೆ ಒತ್ತಿದಂತಾದರೆ ಇನ್ನೂ ಹಸಿ ಇದೆ, ಒಯ್ದು ಡಬ್ಬಿಗೆ ತುಂಬಿದರೆ ಮುಗ್ಗುತ್ತದೆ. ತೆನೆ ಮಾಗುವಾಗ ಮಳೆ ಹೊಡೆದಿದ್ದರೆ ಕಾಳಿನ ಮೈ ಮಾಸಿ ಕಪ್ಪು ಚುಕ್ಕಿ ಬಿದ್ದಿರುತ್ತದೆ. ಅದರ ರೊಟ್ಟಿ ಬಣ್ಣಗೆಡುವುದಷ್ಟೇ ಅಲ್ಲ, ರುಚಿಯೂ ಕೆಡುತ್ತದೆ. ಅಂಥ ವರ್ಷ ಅರ್ಧ ಚೀಲ ಒಯ್ದು ಸುಮ್ಮನಾಗುವುದು ಲೇಸು. ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ, ದಿನಕ್ಕೆ ಹನ್ನೆರಡು ರೊಟ್ಟಿ ಬೇಯುವ ಮನೆಗೆ ತಿಂಗಳಿಗೆ ಸುಮಾರು 22 ಕಿಲೋ. 50 ಕಿಲೋ ಚೀಲ ಎರಡು ತಿಂಗಳು ದಾಟುತ್ತದೆ, ಅಷ್ಟೆ.

ಹಿಟ್ಟಿನ ಪ್ಯಾಕೆಟ್ಟೂ ಇಡುತ್ತಾರೆ, ಬೀಸಿದ ದಿನಾಂಕ ಹಾಕಿ. ಎರಡು ವಾರ ದಾಟಿದ ಜೋಳದ ಹಿಟ್ಟು, ಒಂದು ವಾರ ದಾಟಿದ ಸಜ್ಜಿ ಹಿಟ್ಟು ಮುಟ್ಟಬೇಡಿ. ಕಾಳಿನ ಮೊಳಕೆ ಭಾಗದ ಎಣ್ಣೆ ಬೀಸಿದ ಮೇಲೆ ಗಾಳಿಗೆ ಬಿದ್ದು ಕಮಟುತ್ತದೆ; ಸಜ್ಜಿಯಲ್ಲಿ ಎಣ್ಣೆ ಜಾಸ್ತಿ, ಅದಕ್ಕೇ ಅದು ಬೇಗ ಕಹಿಯಾಗುವುದು. ಹಳೇ ಹಿಟ್ಟಿಗೆ ಜಿಗಿಯೂ ಇರುವುದಿಲ್ಲ, ಬಡಿಯುವಾಗ ಅಂಚು ಹರಿಯುತ್ತದೆ. ಕಾಳನ್ನೇ ಒಯ್ದು ಪಕ್ಕದ ಗಿರಣಿಯಲ್ಲಿ ಹಾಕಿಸುವುದು ಒಳಿತು. ಗೋಧಿ ತಿನ್ನಬಾರದೆಂದು ವೈದ್ಯರು ಹೇಳಿದವರು ಮನೆಯಲ್ಲಿದ್ದರೆ ಮಾತ್ರ ಹುಷಾರು: ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿದರೆ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ನಿಮ್ಮ ಡಬ್ಬಿಗೇ ಬರುತ್ತದೆ. ಅಂಥವರಿಗೆ ಜೋಳಕ್ಕೇ ಮೀಸಲಿಟ್ಟ ಗಿರಣಿ ಬೇಕು.

ಇನ್ನು ಮಳೆಗಾಲ. ಜೂನ್‌ ಹಿಡಿದು ಆಗಸ್ಟ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಈ ಮಳಿಗೆಯ ಗೋದಾಮು ಸೋಲುತ್ತದೆ. ಹುಳ ಹೊರಗಿನಿಂದ ಬಂತು ಎಂದು ಬಹಳ ಮಂದಿ ತಿಳಿಯುತ್ತಾರೆ; ನಿಜಕ್ಕೂ ನುಸಿಯ ತತ್ತಿ ಮೊದಲೇ ಕಾಳಿನೊಳಗೆ ಇರುತ್ತದೆ, ತೇವ ಮತ್ತು ಬೆಚ್ಚನೆ ಹವೆ ಸಿಕ್ಕೊಡನೆ ಒಡೆದು ಬರುತ್ತದೆ. ಮೊದಲು ಚೀಲಗಳನ್ನು ಗೋಡೆಗೆ ಆನಿಸಿ ನೆಲದ ಮೇಲೇ ಒಟ್ಟುತ್ತಿದ್ದರು. ಕೆಳಗಿನ ಸಾಲು ಪ್ರತಿ ವರ್ಷ ಹಾಳು. ಸದಸ್ಯರು ಸಭೆಯಲ್ಲಿ ಹಿಡಿದು ಕೇಳಿದ ಮೇಲೆ ಕಟ್ಟಿಗೆಯ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟಿದ್ದಾರೆ. ಸುಧಾರಿಸಿದೆ, ಸರಿಹೋಗಿಲ್ಲ. ಜುಲೈನಲ್ಲಿ ಇಲ್ಲಿಂದ ರವೆ, ಬೇಳೆ ಒಯ್ಯುವವರು ಪ್ಯಾಕೆಟ್‌ ಎತ್ತಿ ಬೆಳಕಿಗೆ ಹಿಡಿದು ನೋಡಿ: ಮೂಲೆಯಲ್ಲಿ ಜಾಳಿಗೆಯಂತೆ ಗಂಟು ಕಟ್ಟಿದ್ದರೆ ಒಳಗೆ ಹುಳ ಇದೆ.

ವರ್ಷದ ಜೋಳ ಮನೆಯಲ್ಲಿಡುವವರು ಮೇ ತಿಂಗಳ ಬಿಸಿಲಿಗೆ ಎರಡು–ಮೂರು ದಿನ ತೆಳುವಾಗಿ ಹರವಿ ಒಣಗಿಸಬೇಕು. ಒಣಗಿದ ಕಾಳನ್ನು ಬಿಸಿ ಇರುವಾಗಲೇ ಡಬ್ಬಿಗೆ ತುಂಬಬಾರದು. ಒಳಗೆ ಬೆವತು ಮುಚ್ಚಳದ ಕೆಳಗೆ ಬೂಸಲು ಹಿಡಿಯುತ್ತದೆ. ಸಂಜೆ ನೆರಳಿಗೆ ತಂದು ರಾತ್ರಿಯೆಲ್ಲ ಆರಲು ಬಿಟ್ಟು ಬೆಳಿಗ್ಗೆ ತುಂಬಿ. ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿದ್ದೇ ಹಾಕಿ, ಹಸಿ ಎಲೆ ತೇವ ಬಿಡುತ್ತದೆ. ಹಿಂದಿನವರ ಹಗೇವು, ಅಂದರೆ ನೆಲದೊಳಗಿನ ಕಾಳಿನ ಗುಂಡಿ, ಕಾಳು ಕಾದದ್ದೂ ಗಾಳಿ, ತೇವ ಎರಡನ್ನೂ ಹೊರಗಿಟ್ಟೇ.

ಎಣ್ಣೆಯಲ್ಲಿ ಈ ಮಳಿಗೆಗೆ ಒಳ್ಳೆ ಹೆಸರಿದೆ, ಅದಕ್ಕೆ ತಕ್ಕಂತೆ ದರವೂ ಇದೆ. ದರ ಕೇಳಿ ಹೌಹಾರುವವರು ಒಂದು ಲೆಕ್ಕ ಹಾಕಿ ನೋಡಲಿ: ಗಾಣದಲ್ಲಿ ಒಂದು ಲೀಟರ್‌ ಶೇಂಗಾ ಎಣ್ಣೆ ಬರಲು ಸುಮಾರು ಎರಡೂವರೆ ಕಿಲೋ ಶೇಂಗಾಬೀಜ ಬೇಕು. ಕುಸುಬಿಯಲ್ಲಿ ಎಣ್ಣೆ ಅದಕ್ಕಿಂತ ಕಡಿಮೆ, ಬೀಜ ಇನ್ನೂ ಹೆಚ್ಚು ಬೇಕು. ಹಿಂಡಿ ಮಾರಿ ಬಂದ ರೊಕ್ಕ ಕಳೆದರೂ, ಬೀಜದ ಬೆಲೆಗಿಂತ ತೀರಾ ಕೆಳಗೆ ಯಾರಾದರೂ ‘ಗಾಣದ ಎಣ್ಣೆ’ ಮಾರುತ್ತಿದ್ದರೆ ಅದರಲ್ಲಿ ಬೇರೇನೋ ಕೂಡಿದೆ. ಡಬ್ಬಿಯ ಮೇಲೆ ಗ್ರಾಂ ಓದಿ. ಒಂದು ಲೀಟರ್‌ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಇಲ್ಲಿ ತೂಕ ಸರಿಯಾಗಿರುತ್ತದೆ. ತಳದಲ್ಲಿ ಮಡ್ಡಿ ಕೂತಿದ್ದರೆ ದೋಷವಲ್ಲ, ಆದರೆ ಕರಿಯಲು ಆ ತಳದ ಎಣ್ಣೆ ಬಳಸಬೇಡಿ, ಬೇಗ ಸೀದು ಹೊಗೆ ಎದ್ದು ನೊರೆ ಬರುತ್ತದೆ. ಒಗ್ಗರಣೆಗೆ ನಡೆಯುತ್ತದೆ.

ನವಣೆ, ಸಾವೆ ಇಟ್ಟ ಕಪಾಟಿನ ಮೇಲೆ ‘ಶುಗರ್‌ ಮಾಯ’ ಎಂಬ ಪೋಸ್ಟರ್‌ ಅಂಟಿಸಿದ್ದಾರೆ. ಅದನ್ನು ಹರಿದು ಹಾಕುವುದು ಒಳ್ಳೆಯದು. ನವಣೆಯಲ್ಲಿ ನಾರು, ಪ್ರೋಟೀನು ಅಕ್ಕಿಗಿಂತ ಹೆಚ್ಚು, ಖರೆ. ಆದರೆ ನೂರು ಗ್ರಾಂನಲ್ಲಿ 60 ಗ್ರಾಂಗೂ ಮೇಲೆ ಪಿಷ್ಟವೇ. ಎರಡು ತಟ್ಟೆ ಉಂಡರೆ ರಕ್ತದಲ್ಲಿ ಸಕ್ಕರೆ ಏರಿಯೇ ಏರುತ್ತದೆ. ಜವೆಗೋದಿಯ ಪಕ್ಕದಲ್ಲೂ ಇಂಥದೇ ಚೀಟಿ ಇದೆ. ಹುಗ್ಗಿಗೆ, ಮಾದಲಿಗೆ ಅದು ಸೊಗಸು, ಆದರೆ ಅದೂ ಗೋಧಿಯೇ, ಗೋಧಿಯ ಜಿಗಿ ಪ್ರೋಟೀನಾದ ಗ್ಲುಟೆನ್‌ ಅದರಲ್ಲೂ ಇರುತ್ತದೆ; ಗೋಧಿ ತಿನ್ನಬಾರದವರಿಗೆ ಅದೂ ಬೇಡ. ನವಣೆ ಅಕ್ಕಿ ಕೊಳ್ಳುವಾಗ ತುಸು ಹಳದಿ ಬಣ್ಣದ, ಪಾಲಿಶ್‌ ಮಾಡದ್ದನ್ನು ಆರಿಸಿ, ಎರಡು ತಿಂಗಳಿಗಾಗುವಷ್ಟು ಮಾತ್ರ. ತೌಡು ಉಳಿದಿರುವುದರಿಂದ ಬೇಗ ಕಮಟುತ್ತದೆ. ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂಕಾಲು ನೀರಿಟ್ಟರೆ ಬಿಡಿಬಿಡಿಯಾಗಿ ಬೇಯುತ್ತದೆ.

‘ಸಾವಯವ’ ಎಂಬ ಹಲಗೆ ಕಂಡಲ್ಲಿ ಪಿಜಿಎಸ್‌ ಇಂಡಿಯಾ ಚೀಟಿ ಕೇಳಿ. ರೈತರ ಗುಂಪು ಪರಸ್ಪರ ಹೊಲ ನೋಡಿ ದೃಢೀಕರಿಸುವ ವ್ಯವಸ್ಥೆ ಅದು. ‘ಗ್ರೀನ್‌’ ಎಂದಿದ್ದರೆ ಹೊಲ ಇನ್ನೂ ಪರಿವರ್ತನೆಯಲ್ಲಿದೆ, ‘ಆರ್ಗ್ಯಾನಿಕ್‌’ ಎಂದಿದ್ದರೆ ಪೂರ್ತಿಯಾಗಿದೆ. ಎರಡಕ್ಕೂ ಒಂದೇ ದರ ಹಾಕುವುದು ಈ ಮಳಿಗೆಯ ಚಾಳಿ. ಕೇಳಿದವರಿಗೆ ತೋರಿಸುತ್ತಾರೆ, ಕೇಳದವರಿಗೆ ಇಲ್ಲ.

ಮೆಣಸಿನಕಾಯಿ ಬ್ಯಾಡಗಿಯದೇ. ಡಬ್ಬಿ ತಳಿ ಗಿಡ್ಡ, ದಪ್ಪ, ಕಡು ಕೆಂಪು, ಖಾರ ಕಡಿಮೆ. ಕಡ್ಡಿ ಉದ್ದ, ತೆಳ್ಳಗೆ. ಎರಡರ ಮೈಯೂ ಸುಕ್ಕು ಸುಕ್ಕಾಗಿರಬೇಕು. ನುಣ್ಣಗೆ ಹೊಳೆಯುವ ಕಾಯಿ ಕಂಡರೆ ಹೈಬ್ರಿಡ್‌ ಕೂಡಿದೆ ಎಂದು ಸಂಶಯಪಡಿ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ ಮೇಲೆ ‘ಬ್ಯಾಡಗಿ’ ಎಂಬ ಹೆಸರು ಎಲ್ಲ ಚೀಲದ ಮೇಲೂ ಕೂತಿದೆ. ಪುಡಿ ಕೊಳ್ಳುವುದಾದರೆ ಪಾರದರ್ಶಕ ಪ್ಯಾಕೆಟ್‌ ಬೇಡ, ಬೆಳಕಿಗೆ ಬಣ್ಣ ಇಳಿಯುತ್ತದೆ.

ಪಲ್ಲೆ ಬುಧವಾರ, ಶನಿವಾರ. ಬೆಳಿಗ್ಗೆ ಏಳಕ್ಕೆ ಬುಟ್ಟಿ ಇಳಿಯುತ್ತದೆ, ಹತ್ತಕ್ಕೆ ಬಂದವರಿಗೆ ಬಾಡಿದ್ದೇ ಗತಿ. ಪುಂಡಿ, ರಾಜಗಿರಿ, ಸಬ್ಬಸಿಗಿ ವರ್ಷದ ಬಹುಪಾಲು, ಚಳಿಗಾಲದಲ್ಲಿ ಹಕ್ಕರಕಿ. ಹಕ್ಕರಕಿ ಬೇರಿಗೆ ಮಣ್ಣು ಬಹಳ, ಮೂರು ನೀರು ಬೇಕು. ಕೊನೇ ನೀರಿಗೆ ತುಸು ಉಪ್ಪು. ಹಸಿಯಾಗೇ ಗುರೆಳ್ಳು ಚಟ್ನಿ, ಮೊಸರು, ಬಿಸಿ ರೊಟ್ಟಿ ಜೊತೆ. ಸೀಸನ್‌ನಲ್ಲಿ ನವಲೂರು ಪೇರಲ ಬರುತ್ತದೆ, ಮೇ ತಿಂಗಳಲ್ಲಿ ಧಾರವಾಡದ ಆಪೂಸು. ಹಣ್ಣಿಗೆ ಮಾತ್ರ ವಾಪಸ್‌ ಇಲ್ಲ ಎಂಬ ನಿಯಮ; ಒತ್ತಿ ನೋಡಲು ಬಿಡುತ್ತಾರೆ, ಹೀಗಾಗಿ ಮಧ್ಯಾಹ್ನದ ಹೊತ್ತಿಗೆ ಎಲ್ಲ ಹಣ್ಣೂ ಎಲ್ಲರ ಬೆರಳ ಗುರುತು ಹೊತ್ತಿರುತ್ತವೆ.

ಓಣಿಯ ಜನ ಒಂದೆಡೆ ಸೇರುವುದು ಈ ಶನಿವಾರದ ಬುಟ್ಟಿಗಳ ಸುತ್ತಲೇ. ಮಹಿಳಾ ಸ್ವಸಹಾಯ ಗುಂಪುಗಳವರು ಕಡಕ್‌ ರೊಟ್ಟಿ, ಅಗಸಿ ಚಟ್ನಿ, ಶೇಂಗಾ ಚಟ್ನಿ ತಂದಿಡುತ್ತಾರೆ, ‘ಉಪ್ಪು ಸ್ವಲ್ಪ ಜಾಸ್ತಿ ಆಗೇತ್ರಿ’ ಎಂದು ಮುಖಕ್ಕೇ ಹೇಳಿಸಿಕೊಂಡು ಮುಂದಿನ ವಾರ ತಿದ್ದುತ್ತಾರೆ. ಮಳಿಗೆ ಅವರಿಗೆ ಮುಂಗಡವಾಗಿ ಕಾಳು ಕೊಟ್ಟು, ಮಾರಾಟದಲ್ಲಿ ಮುರಿದುಕೊಳ್ಳುತ್ತದೆ. ಚಟ್ನಿಯ ಶೇಂಗಾ ಆರಿಸುವಾಗ ಕಪ್ಪಾದ, ಮುರುಟಿದ, ಬೂಸಲು ವಾಸನೆಯ ಕಾಳನ್ನು ಕಡ್ಡಾಯವಾಗಿ ತೆಗೆಯಬೇಕೆಂಬ ಷರತ್ತಿದೆ; ಬೂಸಲಿನಿಂದ ಹುಟ್ಟುವ ಅಫ್ಲಾಟಾಕ್ಸಿನ್‌ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಸೀತನಿ ದಿನಗಳಲ್ಲಿ ರೈತರೇ ಜೋಳದ ಎಳೆ ತೆನೆ ತಂದು ಅಂಗಳದಲ್ಲಿ ಸುಡುತ್ತಾರೆ. ಆ ಹೊತ್ತಿನಲ್ಲಿ ಜೋಳದ ದರ, ಮಳೆ, ಮುಂದಿನ ವರ್ಷದ ಬುಕಿಂಗ್‌ ಎಲ್ಲ ನೇರ ಮಾತಿನಲ್ಲಿ ತೀರ್ಮಾನವಾಗುತ್ತವೆ.

ಸದಸ್ಯತ್ವವನ್ನು ರಿಯಾಯಿತಿ ಕಾರ್ಡ್‌ ಎಂದುಕೊಂಡವರೇ ಜಾಸ್ತಿ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳ ಇಲ್ಲೇ ಪಕ್ಕದ ಗದಗಿನದು; ಸಂಘ ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅಂಥ ಸೀಮೆಯಲ್ಲೂ ವಾರ್ಷಿಕ ಸಭೆಗೆ ಕುರ್ಚಿ ಖಾಲಿ. ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. ಸೆಪ್ಟೆಂಬರಿನ ಸಭೆಗೆ ಹೋದವರು ಆಡಿಟ್‌ ವರದಿಯಲ್ಲಿ ಎರಡು ಸಾಲು ಹುಡುಕಿ. ಒಂದು ಉದ್ರಿ, ಅಂದರೆ ಸಾಲಕ್ಕೆ ಕೊಟ್ಟ ಸರಕಿನ ಬಾಕಿ: ಗ್ರಾಹಕ ಸಹಕಾರಿಗಳನ್ನು ಮುಳುಗಿಸುವುದು ನಷ್ಟದ ವ್ಯಾಪಾರಕ್ಕಿಂತ ಹೆಚ್ಚಾಗಿ ವಸೂಲಾಗದ ಉದ್ರಿ. ಇನ್ನೊಂದು ಸರಕಿನ ಕೊರತೆ. ಜೋಳ ಗೋದಾಮಿನಲ್ಲಿ ಒಣಗಿ ಶೇಕಡಾ ಒಂದೆರಡು ತೂಕ ಇಳಿಯುವುದು ಸಹಜ. ಅದಕ್ಕಿಂತ ಹೆಚ್ಚು ಬರೆದಿದ್ದರೆ ಹುಳ ತಿಂದಿತೋ ಮನುಷ್ಯರು ತಿಂದರೋ ಎಂದು ಕೇಳುವ ಹಕ್ಕು ನಿಮ್ಮದು. ಈ ಮಳಿಗೆಯಲ್ಲಿ ಉದ್ರಿಗೆ ಮಿತಿ ಇದೆ, ನಿರ್ದೇಶಕರಿಗೂ ಅದೇ ಮಿತಿ. ಇನ್ನೂ ಬಾಗಿಲು ಮುಚ್ಚದೆ ಉಳಿದಿರುವುದು ಬಹುಶಃ ಅದಕ್ಕೇ.

ಬಿಲ್‌ ಕೌಂಟರ್‌ ಒಂದೇ. ಶನಿವಾರ ಬೆಳಿಗ್ಗೆ ಸಾಲು ರಸ್ತೆವರೆಗೆ ಬರುತ್ತದೆ, ಕರೆಂಟು ಹೋದರೆ ಕೈಬರಹದ ಬಿಲ್ಲು, ಕೂಡಿಸುವುದರಲ್ಲಿ ತಪ್ಪು. ಸ್ವಂತ ಚೀಲ, ಎಣ್ಣೆಗೆ ಸ್ವಂತ ಡಬ್ಬಿ ಒಯ್ಯಿರಿ. ಡಬ್ಬಿಯ ಖಾಲಿ ತೂಕವನ್ನು ಮೊದಲೇ ತೂಗಿಸಿ ಮುಚ್ಚಳದ ಮೇಲೆ ಬರೆಸಿಕೊಂಡಿದ್ದರೆ ಸಾಲಿನಲ್ಲಿ ಐದು ನಿಮಿಷ ಉಳಿಯುತ್ತದೆ. ಮನೆಗೆ ತಲುಪಿಸುವುದು 50 ಕಿಲೋ ಚೀಲಕ್ಕೆ ಮಾತ್ರ, ಅದೂ ಮಂಗಳವಾರ.